ಸಾಹುಕಾರರ ಸಂಪಿನ ನೀರು

ಹೊಸಪೇಟೆಯ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದ ಮಾಧವಿಗೆ ಸೂಕ್ಷ್ಮದರ್ಶಕಕ್ಕೆ ಸ್ಲೈಡು ಮಾಡುವುದೆಂದರೆ ರಂಗೋಲಿ ಹಾಕಿದಷ್ಟು ಸುಲಭ. ಗಾಜಿನ ಪಟ್ಟಿಯ ನಡುವೆ ಒಂದು ಹನಿ ನೀರು ಬಿಟ್ಟು, ತೆಳ್ಳನೆಯ ಗಾಜಿನ ಕವರ್‌ಸ್ಲಿಪ್ಪಿನ ಒಂದಂಚನ್ನು ಹನಿಗೆ ತಾಗಿಸಿ, ಸೂಜಿಯ ಆಸರೆಯಲ್ಲಿ ಮೆಲ್ಲಗೆ ಮಲಗಿಸುವಳು. ದಡಕ್ಕನೆ ಬಿಟ್ಟರೆ ಗಾಳಿಗುಳ್ಳೆ ಸೇರಿಕೊಂಡು, ಹುಡುಗರು ಅದನ್ನೇ ಅಮೀಬಾ ಎಂದು ಬರೆದುಬಿಡುತ್ತಿದ್ದರು.

ಚೀನಾಕ್ಕೆ ಅದಿರು ಹೋಗುತ್ತಿದ್ದ ಕಾಲ. ಸಂಡೂರಿನ ಗಣಿಗಳಿಂದ ದಿಢೀರನೆ ದೊಡ್ಡವರಾದ ದೊಡ್ಡಬಸಪ್ಪ ಸಾಹುಕಾರರು ಕಾಲೇಜಿಗೆ ಹೊಸ ಸೂಕ್ಷ್ಮದರ್ಶಕ ಕೊಟ್ಟರು. ಉದ್ಘಾಟನೆಗೆಂದು ತಮ್ಮ ಮನೆಯ ಸಂಪಿನ ನೀರನ್ನೇ ಬೆಳ್ಳಿ ತಂಬಿಗೆಯಲ್ಲಿ ತಂದರು. ಮಾಧವಿ ಸ್ಲೈಡು ಮಾಡಿಕೊಟ್ಟಳು. ಸಾಹುಕಾರರು ಕಣ್ಣಿಟ್ಟವರು ತೆಗೆಯಲೇ ಇಲ್ಲ.

"ಮೇಡಮ್ಮೋರ, ಇವು ಓಡ್ಯಾಡ್ತಾವಲ್ರಿ!"

"ಜೀವ ಅದಾವಲ್ರಿ. ಚಪ್ಪಲಿ ಆಕಾರದ್ದು ಪ್ಯಾರಾಮೀಸಿಯಂ."

ಲಿಂಗಪೂಜೆಯಾಗದೆ ಬಾಯಿಗೆ ಏನನ್ನೂ ಹಾಕದ ಮನುಷ್ಯ, ಇಷ್ಟು ದಿನ ಜೀವ ನುಂಗಿದೆನೆಂದು ಬೆವೆತುಹೋದರು. ಅಂದಿನಿಂದ ನೀರು ಬಂದ್. ಬರೀ ಎಳನೀರು.

ವಾರ ಕಳೆಯುವುದರೊಳಗೆ ಅವರ ಹೆಂಡತಿ ನೀಲಗಂಗಮ್ಮ ಕಾರು ಕಳಿಸಿ ಮಾಧವಿಯನ್ನು ಕರೆಸಿಕೊಂಡಳು.

"ನೀವ ಹಚ್ಚಿದ್ದು, ನೀವ ಬಿಡಸ್ರಿ. ಸ್ನಾನಾನೂ ಬಿಟ್ಟಾರ. ಸೋಪು ಹಚ್ಚಿದ್ರ ಅವುಗಳ ಕಣ್ಣು ಉರೀತಾವಂತ."

"ಅವಕ್ಕ ಕಣ್ಣ ಇಲ್ರಿ," ಎಂದಳು ಮಾಧವಿ.

"ಅಯ್ಯೋ, ಕುರುಡು ಬ್ಯಾರೆ!" ಎಂದು ಒಳಗಿನಿಂದ ಸಾಹುಕಾರರು ಮರುಗಿದರು.

ಮಾಧವಿ ಕಾಲೇಜಿನಿಂದ ಸೂಕ್ಷ್ಮದರ್ಶಕ ತರಿಸಿ, ನೀರು ಕುದಿಸಿ, ಆರಿಸಿ, ಹೊಸ ಸ್ಲೈಡು ಮಾಡಿ ತೋರಿಸಿದಳು. ಏನೂ ಅಲುಗಾಡಲಿಲ್ಲ.

"ಎಲ್ಲಿ ಹೋದುವ್ರಿ?"

"ಸತ್ತುವ್ರಿ."

"ಹಂಗಾರ ನಾ ಹೆಣ ಕುಡೀಬೇಕೇನ್ರಿ?"

ಮಾಧವಿಗೆ ರೇಗಿತು. "ಬಾಯಿ ತೆಗೀರಿ," ಎಂದವಳೇ ಕಡ್ಡಿಯಿಂದ ಅವರ ಹಲ್ಲಿನ ಸಂದು ಕೆರೆದು, ಒಂದು ಹನಿಯಲ್ಲಿ ಕಲಸಿ, ದೊಡ್ಡ ಮಸೂರಕ್ಕೆ ತಿರುಗಿಸಿ ತೋರಿಸಿದಳು. ಚುಕ್ಕಿ ಚುಕ್ಕಿಯಾಗಿ ಏನೇನೋ ಮಿಜಿಮಿಜಿ ಎನ್ನುತ್ತಿದ್ದವು.

"ಇವು ಯಾವ ಬಾವ್ಯಾಗಿನವು?"

"ನಿಮ್ಮ ಬಾಯಾಗಿನವು. ಹುಟ್ಟಿದಾಗಿಂದ ನಿಮ್ಮ ಜೋಡೀನ ಸಂಸಾರ ಮಾಡ್ಯಾವು. ಇನ್ನ ನೀರಿಗ್ಯಾಕ ಹೆದರ್ತೀರಿ?"

ಇದರಿಂದ ಧೈರ್ಯ ಬರುತ್ತದೆಂದು ಅವಳು ತಿಳಿದಿದ್ದಳು. ಸಾಹುಕಾರರು ಬಾಯಿಯನ್ನೇ ಮುಚ್ಚಿಕೊಂಡರು. ಮಾತಾಡಿದರೆ ಅವು ಹೊರಗೆ ಬಿದ್ದು ಅನಾಥವಾಗುತ್ತವೆ ಎಂಬ ಚಿಂತೆ. ಗಣಿಯ ಮ್ಯಾನೇಜರು ಬಂದು ಲಾರಿ ಬಿಡಲೇ ಎಂದು ಕೇಳಿದರೆ ಹುಬ್ಬು ಕುಣಿಸುವರು. ಅದು ಹೌದೋ ಅಲ್ಲವೋ ಗೊತ್ತಾಗದೆ ಲಾರಿಗಳು ತೋರಣಗಲ್ಲಿನ ದಾರಿಯುದ್ದಕ್ಕೂ ನಿಂತವು.

ಕೊನೆಗೆ ಸಂಜೆ, ಮಾಧವಿ ಇನ್ನೂ ಅಲ್ಲೇ ಇದ್ದಾಗ, ನೀಲಗಂಗಮ್ಮ ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದಳು. "ಇದು ನೀರಲ್ರಿ. ಆಕಳದ್ದು. ಕುಡೀರಿ."

ಸಾಹುಕಾರರು ಒಪ್ಪಿಗೆಗೆಂದು ಮಾಧವಿಯ ಮುಖ ನೋಡಿದರು. ಮಜ್ಜಿಗೆಯ ಒಂದು ಹನಿಯಲ್ಲಿ ಇಂಥ ಜೀವಗಳ ಜನಸಂಖ್ಯೆ ಎಷ್ಟಿರುತ್ತದೆಂದು ಆಕೆಗೆ ಗೊತ್ತು. ಹೇಳಲು ಬಾಯಿ ತೆರೆದಳು ಕೂಡ. ಆದರೆ ನೀಲಗಂಗಮ್ಮ ಅವಳನ್ನು ನೋಡಿದ ನೋಟ ಹೇಗಿತ್ತೆಂದರೆ, ಮಾಧವಿ ಸುಮ್ಮನೆ ಸೂಕ್ಷ್ಮದರ್ಶಕವನ್ನು ಪೆಟ್ಟಿಗೆಗೆ ಹಾಕಿ ಚಿಲಕ ಜಡಿದಳು. ಸಾಹುಕಾರರು ಗಟಗಟ ಕುಡಿದು, "ಇನ್ನೊಂದೀಟು" ಎಂದರು. ಲಾರಿಗಳು ಹೊರಟವು.

ಬೇಸಿಗೆಯ ಹೊತ್ತಿಗೂ ನೀರು ಮುಟ್ಟದೆ ಮಜ್ಜಿಗೆಯಲ್ಲೇ ಇದ್ದ ಅವರು ಕಂಪ್ಲಿಯ ಒಂದು ಮದುವೆಯಲ್ಲಿ ಮಾಧವಿಯ ಎದುರು ಸಾಲಿನಲ್ಲೇ ಕೂತಿದ್ದರು. ಮಂಡಕ್ಕಿ ವಗ್ಗರಣಿಯ ಜತೆ ಕಚ್ಚಿದ ಮಿರ್ಚಿ ಭಜಿ ಅದೆಷ್ಟು ಖಾರವಿತ್ತೋ, ಕಣ್ಣಲ್ಲಿ ನೀರು ಬಂದು, ಕೈಗೆ ಸಿಕ್ಕ ಚೊಂಬನ್ನೆತ್ತಿ ನೀರೆಲ್ಲ ಕುಡಿದುಬಿಟ್ಟರು. ಆಮೇಲೆ ನೆನಪಾಗಿ ಚೊಂಬಿನ ತಳವನ್ನು ಇಣುಕಿ ನೋಡಿ, ಅದನ್ನು ಮಾಧವಿಯ ಕಡೆ ವಾಲಿಸಿ ತೋರಿಸಿದರು.

"ಮೇಡಮ್ಮೋರ, ಏನರ ಕಂಡಿತೇನ್ರಿ?"

"ಇಲ್ರಿ ಸಾಹುಕಾರ್ರ," ಎಂದಳು ಮಾಧವಿ, "ಬರಿಗಣ್ಣಿಗೆ ಏನೂ ಕಾಣವಲ್ದು."

"ಛಲೋ ಆತು," ಎಂದು ಅವರು ಬಡಿಸುವವನ ಕಡೆ ಚೊಂಬು ಚಾಚಿದರು.