ಹದಿನೇಳು ಕಿಲೋಮೀಟರಿನ ಕಾದಂಬರಿ

ಬೆಳಗಿನ ಆರು ಗಂಟೆ. ಶಾಲಾ ವ್ಯಾನಿನ ಗಾಜನ್ನು ಹಳೇ ಬನಿಯನ್ನಿನಿಂದ ಒರೆಸುತ್ತಾ ಚಾಲಕರು ತಮ್ಮಷ್ಟಕ್ಕೆ ಗೊಣಗುತ್ತಿದ್ದಾರೆ. "ನೀರಿನ ಟ್ಯಾಂಕ್ ಹತ್ರ ಅಪ್ಪನಿಗೆ ಕಣ್ಣು ಹೋಯ್ತು. ಪೆಟ್ರೋಲ್ ಬಂಕಲ್ಲಿ ದೊಡ್ಡಮಗಳು ಕಾಗದ ಬಚ್ಚಿಟ್ಲು..." ಇವರ ಬಗ್ಗೆ ಪತ್ರಿಕೆಗೆ ಬರೆಯಲು ಒಂದು ದಿನ ಜೊತೆಗೆ ಹೊರಟಿರುವ ನನಗೆ ಗಾಬರಿ. ಪಾಪ, ಮನೆಯಲ್ಲಿ ಇಷ್ಟೊಂದು ತಾಪತ್ರಯವೇ!

"ಅಯ್ಯೋ, ನಮ್ಮನೇದಲ್ಲ ಮೇಡಂ, ಸಿಲೆಬಸ್ಸಿಂದು!" ಎಂದು ಹೊಟ್ಟೆ ಹಿಡಿದು ನಗುತ್ತಾರೆ.

ಮಕ್ಕಳ ಪಾಲಿಗೆ ಇವರು ವ್ಯಾನ್ ಮಾಮ. ಹನ್ನೊಂದು ವರ್ಷದಿಂದ ಇದೇ ದಾರಿ: ಒಂಬತ್ತು ಸ್ಟಾಪು, ಹದಿನಾಲ್ಕು ಮಕ್ಕಳು, ಹೋಗಲು ಹದಿನೇಳು ಕಿಲೋಮೀಟರು. ಹತ್ತನೇ ತರಗತಿಯ ಪಠ್ಯವಾಗಿರುವ ಹಳೇ ದಪ್ಪ ಕಾದಂಬರಿಯೊಂದನ್ನು ಈ ದಾರಿಯ ಉದ್ದಕ್ಕೂ ಹಾಸಿಬಿಟ್ಟಿದ್ದಾರೆ. ಗಡಿಯಾರ ರಿಪೇರಿಯ ಅಪ್ಪ, ಇಬ್ಬರು ಹೆಣ್ಣುಮಕ್ಕಳು, ಚಿಕ್ಕವಳಿಗೆ ಬಂದ ಕಾಗದವನ್ನು ಬಚ್ಚಿಡುವ ದೊಡ್ಡವಳು. ಪ್ರತಿ ಪಾತ್ರಕ್ಕೂ ಒಂದೊಂದು ಜಾಗ, ಪ್ರತಿ ಘಟನೆಗೂ ಒಂದೊಂದು ತಿರುವು. ಪರೀಕ್ಷೆಯಲ್ಲಿ ಮಕ್ಕಳು ಕಣ್ಣು ಮುಚ್ಚಿ ಮನಸ್ಸಿನಲ್ಲೇ ವ್ಯಾನ್ ಹತ್ತಿದರಾಯಿತು, ಉತ್ತರ ಸಿಗುತ್ತದೆ.

ಈ ಉಪಾಯ ಹೊಳೆದದ್ದು ಇವರ ಸ್ವಂತ ಸೋಲಿನಿಂದ. "ಏಳನೇ ಕ್ಲಾಸಲ್ಲಿ ಪೇಪರ್ ಕೈಗೆ ಬಂದಿದ್ದೇ ತಡ, ಓದಿದ್ದೆಲ್ಲ ಮರೆತೋಯ್ತು. ಮನೆಗೆ ಹೋಗೋ ದಾರಿ ಒಂದು ನೆನಪಿತ್ತು ನೋಡಿ, ಎದ್ದು ಹೋಗ್ಬಿಟ್ಟೆ. ಅಲ್ಲಿಗೆ ನನ್ನ ಓದು ಮುಗೀತು. ನಮ್ಮನೆಯವಳು ಈಗ್ಲೂ ಅರ್ಧ ಮೇಷ್ಟ್ರು ಅಂತ ಆಡ್ಕೋತಾಳೆ."

ಇವತ್ತು ಆ ಕಾದಂಬರಿಯದ್ದೇ ಪರೀಕ್ಷೆ. ಮುಂದಿನ ಸೀಟಿನ ಹುಡುಗಿಗೆ ಇದು ಎರಡನೇ ಸಲ. ಕಳೆದ ವರ್ಷ ಇದೊಂದೇ ಪೇಪರಿನಲ್ಲಿ ಮೂರು ಅಂಕಕ್ಕೆ ಫೇಲಾದಳು. ಈ ಸಲವೂ ಹೋದರೆ ಓದು ಬಿಡಿಸಿ ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಕೂರಿಸುವುದು ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಅವಳು ಉಗುರು ಕಚ್ಚುತ್ತಿದ್ದಾಳೆ. ನಿಜ ಹೇಳಬೇಕೆಂದರೆ ನಾನೂ ಕಚ್ಚುತ್ತಿದ್ದೇನೆ.

ಬಂಕಿಗೆ ಮುಂಚೆಯೇ ರಸ್ತೆ ಅಗೆದು ಹಾಕಿದ್ದಾರೆ! ವ್ಯಾನಿನ ತುಂಬ ಬೊಬ್ಬೆ. "ಮಾಮ, ಕಾಗದ ಬಚ್ಚಿಡೋದು ಅಲ್ಲೇ ಇರೋದು!" ಹುಡುಗಿಯ ಕಣ್ಣಲ್ಲಿ ನೀರು.

"ಬಂಕೇನು ಎದ್ದು ಹೋಗಲ್ಲ ಪುಟ್ಟಿ, ಅದು ಅಲ್ಲೇ ಇರುತ್ತೆ," ಎನ್ನುತ್ತಾ ಮಾಮ ಗುಜರಿ ಅಂಗಡಿಗಳ ಗಲ್ಲಿಗೆ ವ್ಯಾನ್ ತಿರುಗಿಸುತ್ತಾರೆ. "ಈ ಗಲ್ಲಿ ಖಾಲಿ ಬಿದ್ದಿದೆಯಲ್ಲ, ಇಲ್ಲಿ ಯಾರನ್ನ ಇಳಿಸೋಣ?"

"ಅಂಚೆಯವನಿಗೆ ಸ್ಟಾಪೇ ಇಲ್ಲ ಮಾಮ," ಹಿಂದಿನಿಂದ ಒಂದು ದನಿ. "ಎರಡೇ ಪುಟ ಬರ್ತಾನೆ. ಅವನನ್ನ ಯಾರು ಕೇಳ್ತಾರೆ?"

"ಏ, ಹಂಗಂತೀರಾ? ಕಾಗದ ಬಂದಿದ್ದು ಹೊರಗಿನವರಲ್ಲಿ ಅವನೊಬ್ಬನಿಗೇ ಗೊತ್ತು. ಬಾಯಿ ಬಿಟ್ಟಿದ್ರೆ ನಲವತ್ತನೇ ಪುಟಕ್ಕೇ ಕಾದಂಬರಿ ಮುಗೀತಿತ್ತು! ಕೆಟ್ಟೋನಲ್ಲ. ನನಗ್ಯಾಕೆ ಊರ ಉಸಾಬರಿ ಅಂತ ಸುಮ್ಮನಿದ್ದ. ಅವನು ಸುಮ್ಮನಿದ್ದಿದ್ದು ಒಂದು ಮನೇನೇ ತಿಂತು." ಹುಡುಗಿ ಉಗುರು ಕಚ್ಚುವುದನ್ನು ಬಿಟ್ಟು ಗಲ್ಲಿಯನ್ನೇ ನೋಡುತ್ತಾಳೆ.

ಮೂರು ಗಂಟೆ ಕಾಲ ಶಾಲೆಯ ಗೇಟಿನ ಹೊರಗೆ ನಾವಿಬ್ಬರೂ ಕಾಯುತ್ತೇವೆ. ಮಾಮ ತಿಂಡಿ ಮುಟ್ಟಿಲ್ಲ. ಒರೆಸಿದ ಗಾಜನ್ನೇ ನಾಲ್ಕು ಸಲ ಒರೆಸಿದ್ದಾರೆ. ಗಂಟೆ ಬಾರಿಸುತ್ತದೆ. ಎಲ್ಲರಿಗಿಂತ ಮೊದಲು ಓಡಿಬರುತ್ತಿರುವವಳು ಅವಳೇ!

"ಮಾಮಾ! ಅಂಚೆಯವ! ಹತ್ತು ಅಂಕಕ್ಕೆ ಅಂಚೆಯವನ ಪಾತ್ರ! ಹಾಳೆ ಸಾಲದೆ ಇನ್ನೊಂದು ಇಸ್ಕೊಂಡೆ! ಈ ಸಲ ಪಾಸಾಗೇ ಆಗ್ತೀನಿ!"

ನಾಚಿಕೆ ಬಿಟ್ಟು ನಾನೂ ಕೂಗುತ್ತೇನೆ. ಮಾಮ ಬಾನೆಟ್ಟಿನ ಕಡೆ ಮುಖ ತಿರುಗಿಸಿ ಇನ್ನೊಂದು ಸಲ ಗಾಜು ಒರೆಸುತ್ತಾರೆ. ಈ ಕಾದಂಬರಿಯನ್ನು ಎಷ್ಟು ಸಲ ಓದಿದ್ದೀರಿ ಎಂದು ಕೇಳುತ್ತೇನೆ.

"ಒಂದು ಸಲಾನೂ ಇಲ್ಲ ಮೇಡಂ. ಮಕ್ಕಳು ತುಂಡುತುಂಡಾಗಿ ಓದಿದ್ದನ್ನ ಕೇಳಿಸ್ಕೊಂಡಿದ್ದು ಅಷ್ಟೇ. ಅದೂ ಅರ್ಧ ಕಿವೀಲಿ, ಇನ್ನರ್ಧ ರಸ್ತೆ ಮೇಲಿರುತ್ತಲ್ಲ. ಒಂದಿನ ಹಿಂದಿನ ಸೀಟಲ್ಲಿ ಕೂತು ಮೊದಲಿಂದ ಕೇಳ್ಬೇಕು ಅಂತ ಒಂದಾಸೆ."

ಉಳಿದ ಮಕ್ಕಳು ಇನ್ನೂ ಗೇಟಿನ ಬಳಿ ಉತ್ತರ ತಾಳೆ ನೋಡುತ್ತಿದ್ದಾರೆ. ಹುಡುಗಿ ಚೀಲದಿಂದ ಪುಸ್ತಕ ತೆಗೆದು, ತನ್ನ ಮುಂದಿನ ಸೀಟನ್ನು ದಾಟಿ ಹಿಂದೆ ಹೋಗಿ ಕೂರುತ್ತಾಳೆ. "ಬನ್ನಿ ಮಾಮ. ಅವರು ಬರೋಕೆ ಅರ್ಧ ಗಂಟೆಯಾದ್ರೂ ಆಗುತ್ತೆ."

ಮಾಮ ಚಪ್ಪಲಿ ಹೊರಗೆ ಬಿಟ್ಟು ತಮ್ಮದೇ ವ್ಯಾನಿಗೆ ಹತ್ತುತ್ತಾರೆ. "ನಿಧಾನಕ್ಕೆ ಓದು ಪುಟ್ಟಿ. ಇವತ್ತು ನಾನು ಪ್ಯಾಸೆಂಜರ್."