ಅಮಾವಾಸ್ಯೆಯ ಅಪ್‌ಡೇಟ್

2023ರ ಬೇಸಿಗೆ. ದಾವಣಗೆರೆಯಲ್ಲಿ ಕಂಪ್ಯೂಟರ್ ಸರ್ವೀಸ್ ಇಂಜಿನಿಯರ್ ಆಗಿ ನನ್ನ ಕೊನೆಯ ವರ್ಷಗಳು. ವಿದ್ಯಾನಗರದ ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಇಲ್ಲಿಂದ ಹರಿಹರದವರೆಗೆ ಯಾರ ಕಂಪ್ಯೂಟರ್ ಮುನಿಸಿಕೊಂಡರೂ ಸ್ಕೂಟರ್ ಹತ್ತಿ ಹೊರಡುವುದು ನನ್ನ ಕೆಲಸ. ಕಂಪ್ಯೂಟರನ್ನು ಸರಿಮಾಡುವುದಕ್ಕಿಂತ ಅದರ ಯಜಮಾನರನ್ನು ಸಮಾಧಾನ ಮಾಡುವುದೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು ಅನ್ನುವುದು ಬೇರೆ ಮಾತು.

ಒಂದು ಬೆಳಗ್ಗೆ ರಹಮತ್ ಸಾಹೇಬರ ಫೋನ್ ಬಂತು. ಮದುವೆ ಕಾರ್ಡು, ಕ್ಯಾಲೆಂಡರ್ ಅಚ್ಚು ಹಾಕುವ ಸಣ್ಣ ಪ್ರೆಸ್ಸು ಅವರದು. ತಂದೆಯ ಕಾಲದಿಂದ ನಡೆದುಬಂದದ್ದು.

"ಅಕ್ಕಾರೆ, ನಮ್ಮ ಕಂಪ್ಯೂಟರ್‌ಗೆ ಪ್ಯಾಚ್ ಹಾಕ್ಬೇಕಂತೆ, ಬರ್ರಿ. ಆದ್ರೆ ಒಂದು ಮಾತು. ಅಪ್‌ಡೇಟ್ ಮಾತ್ರ ಬ್ಯಾಡ."

ಇದು ಸ್ನಾನ ಮಾಡಿಸಿ ಆದರೆ ನೀರು ಬೇಡ ಎಂದ ಹಾಗಾಯಿತು. ಪ್ಯಾಚ್ ಎಂದರೆ ಹರಿದ ಅಂಗಿಗೆ ಹಾಕುವ ತೇಪೆಯೇ. ಕಂಪ್ಯೂಟರ್‌ನ ತಂತ್ರಾಂಶದಲ್ಲಿ ಕಳ್ಳರು ನುಸುಳುವಂಥ ತೂತು ಕಂಡಾಗ ಅದನ್ನು ತಯಾರಿಸಿದವರು ಕಳಿಸುವ ರಿಪೇರಿ. ಅದನ್ನು ಹಾಕುವುದಕ್ಕೇ ಅಪ್‌ಡೇಟ್ ಎನ್ನುತ್ತಾರೆ. ಸಾಮಾನ್ಯವಾಗಿ ಕಂಪ್ಯೂಟರ್ ಅದನ್ನು ತಾನೇ ತರಿಸಿಕೊಂಡು, ತಾನೇ ಹಾಕಿಕೊಂಡು, ಅನೇಕ ಸಲ ತಾನೇ ಆಫ್ ಆಗಿ ಆನ್ ಆಗುತ್ತದೆ.

ಪ್ರೆಸ್ಸಿಗೆ ಹೋದಾಗ ವಿಷಯ ತಿಳಿಯಿತು. ಗುತ್ತೂರಿನ ಹತ್ತಿರದ ಒಂದು ಕಾರ್ಖಾನೆಯವರು ತಮ್ಮ ಡಬ್ಬಗಳ ಲೇಬಲ್ ಅಚ್ಚು ಹಾಕುವ ಕೆಲಸವನ್ನು ವರ್ಷಪೂರ್ತಿ ಇವರಿಗೇ ಕೊಡಲು ಒಪ್ಪಿದ್ದರು. ಹೊಸ ಲೇಬಲ್‌ಗಳ ವಿನ್ಯಾಸ ಹೊರಗೆ ಸೋರಬಾರದು, ಆದ್ದರಿಂದ ಪ್ರೆಸ್ಸಿನ ಕಂಪ್ಯೂಟರ್‌ಗಳಿಗೆಲ್ಲ ಪ್ಯಾಚ್ ಆಗಿರಬೇಕೆಂಬುದು ಅವರ ಷರತ್ತು. ಕಾರ್ಖಾನೆಯ ಐಟಿ ಅಧಿಕಾರಿ ಪಾಟೀಲರು ಬಂದು ನೋಡಿ ಒಪ್ಪಿಗೆ ಕೊಟ್ಟರಷ್ಟೇ ಆರ್ಡರ್.

ರಹಮತ್ ಸಾಹೇಬರಿಗೆ ಆ ಆರ್ಡರ್ ಯಾಕೆ ಬೇಕೆಂದು ನನಗೆ ಗೊತ್ತಿತ್ತು. ಆಷಾಢ ಬಂತೆಂದರೆ ಮದುವೆ ಇಲ್ಲ, ಮದುವೆ ಇಲ್ಲದಿದ್ದರೆ ಕಾರ್ಡಿಲ್ಲ. ಪ್ರತಿ ವರ್ಷ ಆ ತಿಂಗಳು ಮಷಿನ್ ನಿಂತು, ಹುಡುಗರೆಲ್ಲ ಬೇರೆ ಕೂಲಿ ಹುಡುಕಿಕೊಂಡು ಹೋಗುತ್ತಿದ್ದರು. ಮಷಿನ್ ನಡೆಸುವ ಬಸಣ್ಣ ಹಿಂದಿನ ಆಷಾಢದಲ್ಲಿ ಪಕ್ಕದ ಬಾತಿ ಊರಿನಲ್ಲಿ ಇಟ್ಟಿಗೆ ಹೊತ್ತಿದ್ದ. ಅದನ್ನು ಹೇಳುವಾಗ ಸಾಹೇಬರು ನನ್ನ ಮುಖ ನೋಡಲಿಲ್ಲ.

ಅಪ್‌ಡೇಟ್ ಮೇಲಿನ ಸಿಟ್ಟಿಗೂ ಕಾರಣವಿತ್ತು. ಎರಡು ವರ್ಷದ ಹಿಂದೆ ಮದುವೆ ಸೀಸನ್ ನಡುವೆ ಕಂಪ್ಯೂಟರ್ ತಾನಾಗಿಯೇ ಅಪ್‌ಡೇಟ್ ಆಗಿ, ಇವರ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶ ಬಾಗಿಲು ಹಾಕಿಕೊಂಡಿತ್ತು. ಅದು ತೆರೆಯಬೇಕಾದರೆ ಡಾಂಗಲ್ ಎಂಬ ಸಣ್ಣ ಕೀಲಿಯನ್ನು ಕಂಪ್ಯೂಟರ್‌ಗೆ ಸಿಕ್ಕಿಸಬೇಕು. ಅಪ್‌ಡೇಟ್ ಆದಮೇಲೆ ಕೀಲಿಯ ಗುರುತೇ ಅದಕ್ಕೆ ಸಿಗಲಿಲ್ಲ. ಯಾರೋ ಬಂದು ಎಲ್ಲವನ್ನೂ ಅಳಿಸಿ, ಮೊದಲಿದ್ದ ಹಾಗೆ ಮಾಡಿಕೊಡುವಷ್ಟರಲ್ಲಿ ಒಬ್ಬ ಗಿರಾಕಿ ನೆಂಟರನ್ನೆಲ್ಲ ಫೋನಿನಲ್ಲೇ ಕರೆದು ಮದುವೆ ಮುಗಿಸಿದ್ದರು.

ಕಂಪ್ಯೂಟರ್ ಆನ್ ಮಾಡಿದೆ. ಮೂಲೆಯಲ್ಲಿನ ತಾರೀಖು 2021 ಎಂದು ತೋರಿಸುತ್ತಿತ್ತು. ಒಳಗಿನ ಬ್ಯಾಟರಿ ಹೋಗಿರಬೇಕು ಎಂದೆ. ಟೈಪಿಂಗ್ ಮಾಡುವ ಮಂಜುಳಾ ಹೆಮ್ಮೆಯಿಂದ ನಕ್ಕಳು.

"ಬ್ಯಾಟರಿ ಚೆನ್ನಾಗೈತೆ ಅಕ್ಕಾರೆ. ನಾನೇ ತಾರೀಖು ಹಿಂದಕ್ಕೆ ಹಾಕೀನಿ. ಹಿಂಗೆ ಹಾಕಿದ್ರೆ ಅಪ್‌ಡೇಟ್ ಬರಲ್ಲ."

ಉಪಾಯವೇನೋ ಫಲಿಸಿತ್ತು. ತಾರೀಖು ತಪ್ಪಾದರೆ ಕಂಪ್ಯೂಟರ್ ಸುರಕ್ಷಿತ ಜಾಲತಾಣಗಳನ್ನು ನಂಬುವುದಿಲ್ಲ, ಅಪ್‌ಡೇಟ್ ತರುವ ತಾಣವನ್ನೂ ನಂಬುವುದಿಲ್ಲ. ಅದರ ಜೊತೆಗೆ ಇಮೇಲ್ ಕೂಡ ನಿಂತುಹೋಗಿ, ಎಲ್ಲ ಫೈಲುಗಳೂ ಮೊಬೈಲಿಗೆ ಬಂದು ಪೆನ್‌ಡ್ರೈವ್‌ನಲ್ಲಿ ಓಡಾಡುತ್ತಿದ್ದವು. ಊರಿಗೆಲ್ಲ ಹೊಸ ವರ್ಷದ ಕ್ಯಾಲೆಂಡರ್ ಅಚ್ಚು ಹಾಕಿಕೊಡುವ ಪ್ರೆಸ್ಸು ತಾನು ಮಾತ್ರ ಹಳೆಯ ವರ್ಷದಲ್ಲೇ ಕೂತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಮಂಜುಳಾಳೂ ನಕ್ಕಳು, ಆಮೇಲೆ ಯಾಕೆ ನಗುತ್ತಿದ್ದೇವೆ ಎಂದು ಕೇಳಿದಳು.

ತಾನಾಗಿ ಆಗುವ ಅಪ್‌ಡೇಟ್ ಬೇಡವಾದರೆ ಬೇರೆ ದಾರಿಗಳಿವೆ ಎಂದು ವಿವರಿಸಿದೆ. ದೊಡ್ಡ ಆಫೀಸುಗಳಲ್ಲಿ ಸರ್ವರ್ ಎಂಬ ಮುಖ್ಯ ಕಂಪ್ಯೂಟರ್ ಪ್ಯಾಚ್‌ಗಳನ್ನು ತರಿಸಿಟ್ಟುಕೊಂಡು, ಹೇಳಿದ ದಿನ ಉಳಿದ ಕಂಪ್ಯೂಟರ್‌ಗಳಿಗೆ ಹಂಚುತ್ತದೆ. ಇಲ್ಲಿ ಇದ್ದದ್ದೇ ಮೂರು ಕಂಪ್ಯೂಟರ್, ಅಷ್ಟು ಬೇಕಿಲ್ಲ. ತಯಾರಕರ ತಾಣದಿಂದ ನಾನೇ ಮನೆಯಲ್ಲಿ ಪ್ಯಾಚ್‌ಗಳನ್ನು ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತರಬಹುದು. ಬ್ರೌಸರ್, ಪಿಡಿಎಫ್ ಓದುವ ತಂತ್ರಾಂಶ ಇಂಥವುಗಳಲ್ಲಿ ಯಾವುದು ಹಳತಾಗಿದೆ ಎಂದು ಹುಡುಕಿ, ನಾವು ಒಪ್ಪಿದ ಮೇಲೆ ಹೊಸದು ಮಾಡುವ ಬೇರೆ ಪ್ರೋಗ್ರಾಂ ಸಿಗುತ್ತದೆ. ಯಾವುದನ್ನೇ ಆಗಲಿ ಮೊದಲು ಒಂದು ಕಂಪ್ಯೂಟರ್‌ಗೆ ಹಾಕಿ ನೋಡಿ, ಆಮೇಲೆ ಉಳಿದವಕ್ಕೆ.

"ಎಲ್ಲ ಸರಿ ಅಕ್ಕಾರೆ. ಯಾವಾಗ ಮಾಡ್ತೀರಿ? ಸೀಸನ್‌ನಾಗೆ ಮಷಿನ್ ನಿಲ್ಸಂಗಿಲ್ಲ" ಎಂದರು ಸಾಹೇಬರು.

"ಅಮಾಸಿ ದಿನ ನಿಲ್ಲಸ್ತೀವಲ್ರಿ" ಎಂದ ಬಸಣ್ಣ.

ನಮ್ಮ ಕಡೆ ಅಮಾವಾಸ್ಯೆಗೆ ಅಂಗಡಿ, ಲಾರಿ, ಮಷಿನ್‌ಗಳಿಗೆಲ್ಲ ಪೂಜೆ. ಈ ಪ್ರೆಸ್ಸಿನಲ್ಲಿ ಬಸಣ್ಣ ಮಷಿನ್ ತೊಳೆದು ಕುಂಕುಮ ಇಡುತ್ತಾನೆ, ತೆಂಗಿನಕಾಯಿ ಮತ್ತು ಹೂವನ್ನು ಸಾಹೇಬರೇ ತರುತ್ತಾರೆ. ಅವರ ತಂದೆ ಹಾಕಿಕೊಟ್ಟ ಪದ್ಧತಿ. ಸಂಜೆಯವರೆಗೆ ಯಾರೂ ಮಷಿನ್ ಮುಟ್ಟುವುದಿಲ್ಲ. ಬರುವ ಅಮಾವಾಸ್ಯೆ ಪಾಟೀಲರು ಬರುವುದರ ಹಿಂದಿನ ದಿನವೇ ಇತ್ತು.

ಅಂದು ಬೆಳಗ್ಗೆ ಮೊದಲು ಮೂರೂ ಕಂಪ್ಯೂಟರ್‌ಗಳ ಪೂರ್ತಿ ನಕಲು ತೆಗೆದಿಟ್ಟೆ. ನೆಟ್ ತಂತಿ ಕಿತ್ತು, ತಾರೀಖು ಸರಿಮಾಡಿ, ತಾನಾಗಿ ಆಗುವ ಅಪ್‌ಡೇಟ್ ಆಫ್ ಮಾಡಿ, ಎಲ್ಲಕ್ಕಿಂತ ಹಳೆಯದಕ್ಕೆ ಪ್ಯಾಚ್ ಹಾಕಿದೆ. ಆಫ್ ಆಗಿ ಆನ್ ಆಯಿತು. ಮಂಜುಳಾ ಕನ್ನಡ ತಂತ್ರಾಂಶ ಒತ್ತಿದಳು. ತೆರೆಯಲಿಲ್ಲ. ಕೀಲಿ ಸಿಗುತ್ತಿಲ್ಲ ಎಂಬ ಅದೇ ಹಳೆಯ ಸಂದೇಶ.

"ನಾ ಹೇಳಿದ್ನಲ್ರಿ" ಎಂದು ಸಾಹೇಬರು ಕುರ್ಚಿಯಲ್ಲಿ ಕುಸಿದು ಕೂತರು. ನಕಲು ಇತ್ತು, ಹಿಂದಕ್ಕೆ ಹೋಗಬಹುದಿತ್ತು. ಆದರೆ ಹಿಂದಕ್ಕೆ ಹೋದರೆ ಆರ್ಡರ್ ಹೋದಂತೆಯೇ.

ಸಂದೇಶದ ವಿವರ ತೆಗೆದು ನಿಧಾನವಾಗಿ ಓದಿದೆ. ತೂತಿದ್ದದ್ದು ಕೀಲಿಯ ಡ್ರೈವರ್‌ನಲ್ಲೇ. ಡ್ರೈವರ್ ಎಂದರೆ ಕೀಲಿಗೂ ಕಂಪ್ಯೂಟರ್‌ಗೂ ನಡುವೆ ಮಾತುಕತೆ ನಡೆಸುವ ಸಣ್ಣ ತಂತ್ರಾಂಶ. ಅದು ಅಪಾಯಕಾರಿಯಾದ್ದರಿಂದ ಪ್ಯಾಚ್ ಉದ್ದೇಶಪೂರ್ವಕವಾಗಿಯೇ ಅದನ್ನು ತಡೆದಿತ್ತು. ತಂತ್ರಾಂಶ ಮಾಡಿದವರಿಗೆ ಫೋನ್ ಮಾಡಿದೆ. "ಹೊಸ ಡ್ರೈವರ್ ಬಿಟ್ಟು ವರ್ಷ ಆಯ್ತಲ್ಲ ಮೇಡಂ, ಎಲ್ಲರಿಗೂ ಇಮೇಲ್ ಮಾಡಿದ್ವಿ" ಎಂದರು. ಇಮೇಲ್ ತೆರೆಯದ ಪ್ರೆಸ್ಸಿಗೆ ಅದು ತಲುಪುವುದಾದರೂ ಹೇಗೆ? ಅಪ್‌ಡೇಟ್‌ಗೆ ಹೆದರಿ ಹಾಕಿದ ಬಾಗಿಲೇ ಮದ್ದನ್ನೂ ಹೊರಗೆ ನಿಲ್ಲಿಸಿತ್ತು.

ಹೊಸ ಡ್ರೈವರ್ ಅನ್ನು ನನ್ನ ಮೊಬೈಲಿಗೆ ಇಳಿಸಿಕೊಂಡು ಹಾಕಿದೆ. ಮಂಜುಳಾ ಮತ್ತೆ ಒತ್ತಿದಳು. ತಂತ್ರಾಂಶ ತೆರೆಯಿತು. ಒಂದು ಮದುವೆ ಕಾರ್ಡನ್ನು ಗಣಪತಿಯಿಂದ ಸುಖಾಗಮನ ಬಯಸುವವರವರೆಗೆ ಪ್ರಿಂಟ್ ತೆಗೆದು ನೋಡಿ, ಉಳಿದೆರಡಕ್ಕೂ ಹಾಕಿ ಮುಗಿಸಿದೆವು. ಬಸಣ್ಣ ಮಷಿನ್ ಜೊತೆ ಮೂರು ಕಂಪ್ಯೂಟರ್‌ಗೂ ಕುಂಕುಮ ಇಟ್ಟ. ಯುಪಿಎಸ್ ಹತ್ತಿರ ಕಾಯಿ ಒಡೆಯಬೇಡ ಎಂದು ನಾನು ಹೇಳಬೇಕಾಯಿತು.

ಮರುದಿನ ಪಾಟೀಲರು ಬಂದರು. ಪ್ಯಾಚ್‌ಗಳನ್ನು ನೋಡಿ ತಲೆಯಾಡಿಸಿದರು, ಆಮೇಲೆ ಹುಬ್ಬು ಗಂಟಿಕ್ಕಿದರು.

"ಆಟೋಮ್ಯಾಟಿಕ್ ಅಪ್‌ಡೇಟ್ ಆಫ್ ಐತಲ್ಲ ಮೇಡಂ. ಮುಂದಿನ ತಿಂಗಳು ಯಾರು ಹಾಕೋರು?"

"ಪ್ರತಿ ಅಮಾವಾಸ್ಯೆಗೆ ಮಂಜುಳಾ ಹಾಕ್ತಾಳೆ, ನಾನು ಕಲಿಸ್ತೀನಿ. ನಡುವೆ ತುರ್ತು ಪ್ಯಾಚ್ ಬಂದ್ರೆ ಅಮಾವಾಸ್ಯೆ ಕಾಯದೆ ನಾನೇ ಬರ್ತೀನಿ."

"ಮರೆತುಬಿಟ್ರೆ?"

ಬಸಣ್ಣ ಮಷಿನ್ ಹಿಂದಿನಿಂದ ತಲೆ ಹೊರಹಾಕಿದ. "ಅಮಾಸಿ ಹೆಂಗೆ ಮರೀತಾರ್ರಿ ಸರ?"

ಪಾಟೀಲರು ಜೋರಾಗಿ ನಕ್ಕರು. ವಾರದೊಳಗೆ ಆರ್ಡರ್ ಬಂತು.

ಮನೆಯ ಕಂಪ್ಯೂಟರ್‌ಗೆ ತಾನಾಗಿ ಆಗುವ ಅಪ್‌ಡೇಟೇ ಒಳ್ಳೆಯದು ಎಂದು ನಾನು ಇಂದಿಗೂ ಹೇಳುತ್ತೇನೆ. ಅದನ್ನು ಆಫ್ ಮಾಡುವವರನ್ನು ಒಂದೇ ಪ್ರಶ್ನೆ ಕೇಳುತ್ತೇನೆ: ಅದರ ಕೆಲಸ ಇನ್ನು ಯಾರು ಮಾಡುತ್ತಾರೆ, ಯಾವ ದಿನ? ಹೆಸರೂ ದಿನವೂ ಗಟ್ಟಿಯಾಗಿದ್ದರೆ ಯಾವ ದಾರಿಯಾದರೂ ನಡೆಯುತ್ತದೆ. ಈ ವೃತ್ತಿ ನನಗೆ ಕಲಿಸಿದ್ದು ಅಷ್ಟೇ.

ಮುಂದಿನ ಅಮಾವಾಸ್ಯೆ ಮಂಜುಳಾಳ ಪಕ್ಕ ಕೂತು ಮಾಡಿಸಿದೆ. ಅದರಾಚೆಯದು ಆಷಾಢದ ಕೊನೆಯ ದಿನದ ಭೀಮನ ಅಮಾವಾಸ್ಯೆ. ನಾನು ಪೆನ್‌ಡ್ರೈವ್ ಹುಡುಕುತ್ತಿದ್ದಾಗ ಸಂಜೆ ಅವಳದೇ ಫೋನ್ ಬಂತು.

"ಈ ಸಲ ನೀವು ಬರೋದು ಬ್ಯಾಡ ಅಕ್ಕಾರೆ. ನಾನೇ ಎಲ್ಲ ಇಳಿಸ್ಕೊಂಡು ಹಾಕೀನಿ. ಕನ್ನಡನೂ ಓಪನ್ ಆಗೇತಿ."

ನನ್ನ ಒಂದು ಸರ್ವೀಸ್ ಚಾರ್ಜ್ ಹೋಯಿತಲ್ಲ ಎಂದು ಕ್ಷಣ ಅನಿಸಿದ್ದು ಸುಳ್ಳಲ್ಲ. ಆದರೆ ಮಷಿನ್ ಸದ್ದಿನಲ್ಲಿ ಅವಳ ಮಾತು ಸರಿಯಾಗಿ ಕೇಳುತ್ತಲೇ ಇರಲಿಲ್ಲ. ಪೂಜೆ ಮುಗಿಸಿ ಬಸಣ್ಣ ಅದನ್ನು ಶುರು ಮಾಡಿದ್ದ. ಈ ಸಲ ಆಷಾಢ ಪೂರ್ತಿ ಅವನು ಪ್ರೆಸ್ಸಿನಲ್ಲೇ ಇದ್ದ.