ಕನಕಾಂಬರಕ್ಕೆ ಕೊಟ್ಟ ನೀರು

ಸಿ.ವಿ. ರಾಮನ್ ನಗರದಲ್ಲಿ ನಾವು ಬಾಡಿಗೆಗಿರುವ ಮನೆಯ ಒಡತಿಯನ್ನು ನಾನು ನಮ್ಮ ಬಾಗಲಕೋಟೆ ಕಡೆಯ ರೂಢಿಯಂತೆ ‘ಅಕ್ಕಾರ’ ಎನ್ನುತ್ತೇನೆ. ಅವರಿಗೆ ಅರವತ್ತು ದಾಟಿದೆ. ತವರಿನವರು ಕೆ.ಆರ್. ಪುರದ ಹಳೇ ಒಕ್ಕಲು. ಹೊಲಗಳೆಲ್ಲ ಸೈಟುಗಳಾಗಿ ಹೋದ ಮೇಲೆ ಅಣ್ಣ ತಂಗಿಯ ಹೆಸರಿನಲ್ಲಿ ಜಂಟಿಯಾಗಿ ಉಳಿದಿರುವುದು ಒಂದು ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಅಂಟಿಕೊಂಡ ಹತ್ತು ಗುಂಟೆ. ಅಲ್ಲಿ ಅಕ್ಕ ಏಳು ಮಡಿ ಕನಕಾಂಬರ ಬೆಳೆಯುತ್ತಾರೆ. ಹೂವು ಹಲಸೂರು ಮಾರುಕಟ್ಟೆಗೆ ಹೋಗುತ್ತದೆ.

ಆ ಗಿಡಗಳು ಎರಡು ಬೇಸಿಗೆ ಸತತವಾಗಿ ಸತ್ತಿದ್ದವು. ಬೋರ್‌ವೆಲ್ ನೀರು ವರ್ಷದಿಂದ ವರ್ಷಕ್ಕೆ ಉಪ್ಪಾಗುತ್ತಿತ್ತು. ಸುತ್ತಲಿನ ಗಾಜು, ಸಿಮೆಂಟಿನ ಗೋಡೆಗಳು ಮಧ್ಯಾಹ್ನದ ಬಿಸಿಲನ್ನು ತಿರುಗಿ ಆ ನೆಲದ ಮೇಲೆಯೇ ಎಸೆಯುತ್ತಿದ್ದವು. ಮೊದಲು ಎಲೆಯ ಅಂಚು ಸುಡುತ್ತಿತ್ತು, ಆಮೇಲೆ ಬೇರು ಕೊಳೆತು ಗಿಡ ನಿಂತಲ್ಲೇ ಸೊರಗುತ್ತಿತ್ತು.

ಡಿಸೆಂಬರಿನಲ್ಲಿ ಒಂದು ಭಾನುವಾರ ಅಕ್ಕನೂ ಅವರ ಅಣ್ಣನೂ ನಮ್ಮ ಮನೆಯ ಸೋರುವ ಟ್ಯಾಂಕ್ ನೋಡಲು ಬಂದಿದ್ದರು. ಮೆಟ್ಟಿಲಿಳಿಯುತ್ತಾ ಅಣ್ಣ ಹೇಳಿದ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು.

“ಎರಡು ವರ್ಷದಿಂದ ಹೂವಿಗಿಂತ ಕಡ್ಡಿನೇ ಜಾಸ್ತಿ ಕಿತ್ತಿದೀಯಮ್ಮ. ಆಫೀಸ್ ಬಸ್ ನಿಲ್ಸೋಕೆ ಜಾಗ ಕೇಳ್ತಾವ್ರೆ. ಬಸವ ಜಯಂತಿವರ್ಗೂ ನೋಡ್ತೀನಿ. ಈ ಸಲನೂ ಒಣಗಿದ್ರೆ ಕಾಂಕ್ರೀಟ್ ಹಾಕ್ಸಿ ಕೊಟ್ಬಿಡಾಣ.”

“ಒಣಗಲ್ಲ,” ಅಂದರು ಅಕ್ಕ.

“ಹೆಂಗೆ?”

“ಒಣಗಲ್ಲ ಅಂದ್ನಲ್ಲ.”

ಆ ಧೈರ್ಯದ ಹಿಂದೆ ಏನಿತ್ತೆಂದು ವಾರದ ನಂತರ ತಿಳಿಯಿತು. ಕೆ.ಆರ್. ಪುರದ ಗೊಬ್ಬರದಂಗಡಿಯಿಂದ ಅಕ್ಕ ಎರಡು ಥರದ ಪುಡಿ ತಂದಿದ್ದರು. ಒಂದು ಟ್ರೈಕೋಡರ್ಮ ಎಂಬ ಶಿಲೀಂಧ್ರದ್ದು, ಇನ್ನೊಂದು ಬೇರಿನ ಬಳಿ ಬದುಕುವ ಬ್ಯಾಕ್ಟೀರಿಯಾದ್ದು. ಎರಡರಲ್ಲೂ ಇದ್ದದ್ದು ಜೀವವಿರುವ ವಸ್ತು. ಹಳಸಿದರೆ ಬರೀ ಧೂಳು. ಹಾಗಾಗಿ ಬಿಸಿಲಿಗೆ ಇಡುವಂತಿಲ್ಲ, ಹಳೆಯದು ತರುವಂತಿಲ್ಲ. ಇವು ಬೇರಿನ ಸುತ್ತ ನೆಲೆಸಿ ರೋಗದ ಶಿಲೀಂಧ್ರವನ್ನು ತಡೆಯುತ್ತವೆ, ಬೇರು ಹರಡಲು ನೆರವಾಗುತ್ತವೆ, ಉಪ್ಪನ್ನೂ ಬಿಸಿಲನ್ನೂ ಗಿಡ ಹೆಚ್ಚು ತಾಳುತ್ತದೆ ಎಂದು ಅಂಗಡಿಯವರು ಹೇಳಿದ್ದರಂತೆ. ಅಕ್ಕ ಅದನ್ನು ನನಗೆ ತಮ್ಮ ಅನುಭವದಿಂದ ವಿವರಿಸಿದರು:

“ಬಾಡಿಗೆ ಮನೆ ಇದ್ದಂಗೆ ಸಾರ್. ಒಳ್ಳೇ ಸಂಸಾರಸ್ಥರು ಬಂದು ತುಂಬ್ಕೊಂಡ್ರೆ, ಕೆಟ್ಟೋರು ಬಂದು ಕೇಳ್ದಾಗ ಮನೆ ಖಾಲಿ ಇರಲ್ಲ.”

ಮೂವತ್ತು ವರ್ಷ ಸುದ್ದಿಮನೆಯಲ್ಲಿ ತಜ್ಞರ ಹೇಳಿಕೆಗಳನ್ನು ಸರಳ ಮಾಡಿದ್ದೇನೆ. ಇಷ್ಟು ಸರಳವಾಗಿ ಒಂದನ್ನೂ ಬರೆದ ನೆನಪಿಲ್ಲ.

ಪುಡಿಯನ್ನು ನೇರ ಮಣ್ಣಿಗೆ ಸುರಿಯುವುದಿಲ್ಲ. ಮೊದಲು ಅದನ್ನು ಬೆಳೆಸಬೇಕು. ಕಳಿತ ಸಗಣಿ ಗೊಬ್ಬರ, ಬೇವಿನ ಹಿಂಡಿ ಬೆರೆಸಿ ಹೊಂಗೆ ಮರದ ನೆರಳಿನಲ್ಲಿ ಗುಡ್ಡೆ ಹಾಕಿದರು. ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಅದರ ಮೇಲೆ ಚಿಮುಕಿಸಿ, ಒದ್ದೆ ಗೋಣಿ ಹೊದಿಸಿದರು. ನಾಲ್ಕು ದಿನಕ್ಕೊಮ್ಮೆ ಮಗುಚಿ ನೀರು ತೋರಿಸಬೇಕು. ಆ ಕೆಲಸವನ್ನು ಅವರು ಬೇರೆ ಯಾರಿಗೂ ಬಿಡಲಿಲ್ಲ. ನಾನು ಎರಡು ವಾರದ ನಂತರ ಹೋದಾಗ ಗೋಣಿ ಎತ್ತಿ ತೋರಿಸಿದರು. ಗುಡ್ಡೆಯ ತುಂಬ ಹಸಿರು ಬೂಜು.

“ಅಯ್ಯೋ, ಕೆಟ್ಟೈತಲ್ರೀ ಅಕ್ಕಾರ,” ಅಂದೆ.

ಅವರು ನಕ್ಕರು. “ನಿಮ್ಮನೇಲಿ ರೊಟ್ಟಿಗೆ ಬಂದ್ರೆ ಎಸೀತೀರ. ನಾನು ಇದಕ್ಕೇ ಕಾಯ್ತಾ ಕೂತಿದೀನಿ.”

ಆ ಗುಡ್ಡೆ ನಾಲ್ಕು ಮಡಿಗೆ ಸಾಕಾಯಿತು. ಉಳಿದ ಮೂರಕ್ಕೆ ಎರಡನೇ ಗುಡ್ಡೆ ಹಾಕಬೇಕಿತ್ತು. ಇಲ್ಲಿ ನಾನು ಬಾಯಿ ಹಾಕಿದೆ. ಇಷ್ಟು ನಾಜೂಕಿನ ಜೀವಕ್ಕೆ ಉಪ್ಪು ನೀರು ಯಾಕೆ, ನಮ್ಮ ಮನೆಗೆ ಕಾವೇರಿ ಬರುತ್ತದಲ್ಲ, ಅದನ್ನೇ ತಂದುಕೊಡುತ್ತೇನೆ ಎಂದೆ. ಕೆ.ಆರ್. ಪುರದಲ್ಲಿ ವರ್ಷಗಟ್ಟಲೆ ಟ್ಯಾಂಕರಿಗೆ ಕಾದವರಿಗೆ ಕಾವೇರಿ ನೀರು ಎಂದರೆ ಪ್ರಸಾದ. ಅಕ್ಕ ಸಂತೋಷದಿಂದ ಒಪ್ಪಿದರು. ಮನೆ ಒಡತಿಗೆ ಕೊಡುವ ನೀರು ಎಂದು ನಾನು ಹಿಂದಿನ ದಿನವೇ ನೆಲದಡಿಯ ನೀರಿನ ಸಂಪಿಗಿಳಿದು ಗೋಡೆ ತಿಕ್ಕಿದೆ. ನೀರು ತುಂಬಿದ ಮೇಲೆ ಬ್ಲೀಚಿಂಗ್ ಪೌಡರನ್ನು ಕೈ ಬಿಚ್ಚಿ ಹಾಕಿದೆ. ಬೆಳಿಗ್ಗೆ ಎರಡು ಕ್ಯಾನ್ ತುಂಬಿ ಆಟೋದಲ್ಲಿಟ್ಟುಕೊಂಡು ಹೊರಟೆ. ಬೈಯಪ್ಪನಹಳ್ಳಿ ದಾಟುವವರೆಗೆ ಆಟೋದವನು, “ಏನ್ ಸಾರ್, ಊರಿಗೆಲ್ಲ ತೀರ್ಥ ಹಂಚ್ತೀರಾ?” ಎಂದು ಕೆಣಕುತ್ತಲೇ ಇದ್ದ.

ಅಕ್ಕ ಪುಡಿ, ಬೆಲ್ಲವನ್ನು ಆ ನೀರಿಗೆ ಕಲಸಿ, ಕಾಫಿ ಕುಡಿದು ಬಂದು ಗುಡ್ಡೆಗೆ ಚಿಮುಕಿಸಿದರು. ಎರಡು ವಾರದ ನಂತರ ಅಲ್ಲಲ್ಲಿ ನಾಲ್ಕು ಹಸಿರು ಚುಕ್ಕೆ, ಅಷ್ಟೆ. “ಯಾಕೋ ಇದು ಏಳ್ಲಿಲ್ಲ,” ಎಂದು ಅಕ್ಕ ಅನುಮಾನಿಸಿದರು. ಚಳಿಗೆ ಹಾಗಾಗಿರಬಹುದು ಎಂದು ನಾನು ಹೇಳಿದೆ. ಆ ಮಾತಿಗೆ ನನ್ನಲ್ಲಿ ಆಧಾರವೇನೂ ಇರಲಿಲ್ಲ. ನರ್ಸರಿಯಿಂದ ತಂದ ಸಸಿಗಳು ಬಾಡುತ್ತಿದ್ದವು. ಕಾಯಲು ಸಮಯವಿರಲಿಲ್ಲ. ನೆಟ್ಟರು.

ಮಾರ್ಚ್ ಕೊನೆಯವರೆಗೆ ಏಳೂ ಮಡಿ ಒಂದೇ ಥರ ಇದ್ದವು. ಏಪ್ರಿಲ್ ಬಿಸಿಲಿಗೆ ಅವು ಬೇರೆಯಾದವು. ನಾಲ್ಕು ಮಡಿ ಮಧ್ಯಾಹ್ನ ತುಸು ಬಳಲಿ, ಸಂಜೆಗೆ ತಲೆಯೆತ್ತಿ ನಿಲ್ಲುತ್ತಿದ್ದವು. ತೆನೆಗಳಲ್ಲಿ ಕೇಸರಿ ಹೂವು ಬಿಚ್ಚತೊಡಗಿತ್ತು. ಮೂರು ಮಡಿ ಬಳಲಿದ್ದು ಏಳಲಿಲ್ಲ. ಬಸವ ಜಯಂತಿಗೆ ಹತ್ತು ದಿನವಿತ್ತು.

ಅಕ್ಕ ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಒಂದೊಂದು ಮಡಿಗೂ ಏನು ಹಾಕಿದ್ದು, ಯಾವಾಗ ಹಾಕಿದ್ದು ಎಂದು ಬೆರಳು ಮಡಿಸುತ್ತ ಹೇಳಿದರು. ಎಲ್ಲಕ್ಕೂ ಒಂದೇ ಪುಡಿ, ಒಂದೇ ಸಗಣಿ, ಒಂದೇ ಸಸಿ. ಎರಡು ಗುಡ್ಡೆಗಳ ನಡುವೆ ಏನು ಬದಲಾಯಿತೆಂದು ಕೇಳಲು ನಾವಿಬ್ಬರೂ ಗೊಬ್ಬರದಂಗಡಿಗೆ ಹೋದೆವು. ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: “ಕಲಸಿದ್ದು ಯಾವ ನೀರಲ್ಲಿ?”

ಉತ್ತರ ನನ್ನ ಹತ್ತಿರ ಮಾತ್ರ ಇತ್ತು. ಕಾವೇರಿ ನೀರೆಂದು ಅಕ್ಕನಿಗೆ ಗೊತ್ತಿತ್ತು, ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದು ಗೊತ್ತಿರಲಿಲ್ಲ. ಅಲ್ಲೇ ಹೇಳಿದೆ. ಕ್ರಿಮಿ ಸಾಯಲಿ ಎಂದು ಹಾಕುವ ಪುಡಿ, ಒಳ್ಳೆಯ ಕ್ರಿಮಿ ಯಾವುದು, ಕೆಟ್ಟದ್ದು ಯಾವುದು ಎಂದು ಕೇಳುವುದಿಲ್ಲ.

ಅಕ್ಕ ನನ್ನ ಕಡೆ ತಿರುಗಿದರು. “ಸಂಪ್ ಚೆನ್ನಾಗಿ ತೊಳೆದ್ರಾ?”

“ಹೌದ್ರೀ.”

“ಹತ್ತು ವರ್ಷದಿಂದ ತೊಳೀರಿ ತೊಳೀರಿ ಅಂತಿದ್ದೆ. ಈ ವರ್ಷಾನೇ ತೊಳೀಬೇಕಿತ್ತಾ?”

ಅಂಗಡಿಯವರು ನಕ್ಕರು. ನನಗೆ ನಗು ಬರಲಿಲ್ಲ. ಹೋಗಲಿದ್ದದ್ದು ಅವರ ನೆಲ.

ಬಸವ ಜಯಂತಿಯ ಬೆಳಿಗ್ಗೆ ಅಣ್ಣ ಬಂದರು. ಜೊತೆಗೆ ಬಸ್ಸಿನ ಗುತ್ತಿಗೆದಾರ ಅಳತೆಯ ಟೇಪು ಹಿಡಿದು ಬಂದಿದ್ದ. ಅಣ್ಣ ಒಣಗಿದ ಮೂರು ಮಡಿ ನೋಡಿ, “ಬೆಲ್ಲ ತಿನ್ಸಿ ಸಾಕಿದ ಹುಳ ಎಲ್ಲಿ ಹೋದ್ವಮ್ಮ?” ಎಂದರು.

ಅಕ್ಕ ಗುದ್ದಲಿ ತೆಗೆದುಕೊಂಡು ಒಣಗಿದ ಮಡಿಯಿಂದ ಒಂದು ಗಿಡ ಎತ್ತಿದರು. ಆಮೇಲೆ ಹೂವು ಬಿಡುತ್ತಿದ್ದ ಮಡಿಯಿಂದ ಒಂದನ್ನು, ಬೇರು ಹರಿಯದಂತೆ, ಬುಡ ಸಮೇತ ಬಿಡಿಸಿದರು. ಎರಡನ್ನೂ ಅಣ್ಣನ ಎರಡು ಕೈಗೆ ಕೊಟ್ಟರು. ಒಂದರ ಬೇರು ಕಂದು, ಗಿಡ್ಡ, ಮುಟ್ಟಿದರೆ ಸಿಪ್ಪೆ ಬಿಡುತ್ತಿತ್ತು. ಇನ್ನೊಂದರದ್ದು ಬಿಳಿ, ಜಡೆಯಷ್ಟು ದಟ್ಟ. ಕೊಡವಿದರೂ ಮಣ್ಣು ಬಿಡಲಿಲ್ಲ. ಅಣ್ಣ ಹರೆಯದಲ್ಲಿ ಇದೇ ನೆಲದಲ್ಲಿ ರಾಗಿ ಬಿತ್ತಿದವರು. ಬೇರು ಓದಲು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಹಳ ಹೊತ್ತು ತಿರುಗಿಸಿ ನೋಡಿದರು.

“ಇವೆರಡೂ ಅದೇ ಉಪ್ಪು ನೀರು ಕುಡ್ದಿದ್ದಾ?”

“ಅದೇ ಬೋರು. ಅದೇ ಬಿಸ್ಲು.”

“ಮತ್ತೆ ಆ ಮೂರಕ್ಕೆ ಏನಾಯ್ತು?”

ಅಕ್ಕ ನನ್ನ ಕಡೆ ನೋಡಲಿಲ್ಲ. ಗುಡ್ಡೆ ಏಳಲಿಲ್ಲ ಎಂದಷ್ಟೇ ಹೇಳಿದರು. ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ತಿದ್ದುಪಡಿ ಹಾಕುವುದು ನಮ್ಮ ಕೆಲಸ. ಸಂಪು, ಪೌಡರು, ಕ್ಯಾನು ಎಲ್ಲವನ್ನೂ ನಾನು ಕ್ರಮವಾಗಿ ಹೇಳಿದೆ.

“ಪೇಪರ್‌ನೋರು ಕೊಟ್ಟ ನೀರು,” ಅಂದರು ಅಣ್ಣ. “ಗಿಡ ಬದುಕಿದ್ರೇನೇ ಆಶ್ಚರ್ಯ.” ಆಮೇಲೆ ತಂಗಿಯ ಕಡೆ ತಿರುಗಿದರು. “ನಾಕು ಮಡಿ ನಿನಗಿರ್ಲಿ. ಆ ಮೂರ್ರ ಜಾಗ ಇವರಿಗೆ ಕೊಡಾಣ. ಎರಡು ಬಸ್ ನಿಲ್ತವೆ.”

“ಸತ್ತಿದ್ದು ನೀರಿಂದ ಅಣ್ಣಯ್ಯ, ನೆಲದಿಂದ ಅಲ್ಲ. ಕಾಂಕ್ರೀಟ್ ಹಾಕಿದ್ರೆ ನೆಲ ಸಾಯ್ತದೆ. ಆಮೇಲೆ ಯಾವ ಪುಡಿ ತರ್ಲಿ?”

ಅಣ್ಣ ಬಿಳಿ ಬೇರಿನ ಗಿಡವನ್ನು ಇನ್ನೂ ಹಿಡಿದೇ ಇದ್ದರು. ಗುತ್ತಿಗೆದಾರ ಟೇಪಿನ ತುದಿ ಹಿಡಿಯಲು ಅವರನ್ನು ಕರೆದ. ಅವರು ಕದಲಲಿಲ್ಲ.

“ಬೇರೆ ಕಡೆ ನೋಡ್ಕೊಳಪ್ಪ,” ಅಂದರು. “ಇಲ್ಲಿ ಬೆಳೆ ಐತೆ.”

ಅವನು ಹೋದ ಮೇಲೆ ಅಣ್ಣ ಮೊಣಕಾಲೂರಿ, ಬಿಡಿಸಿದ್ದ ಗಿಡವನ್ನು ಅದೇ ಗುಳಿಯಲ್ಲಿಟ್ಟು ಅಂಗೈಯಿಂದ ಮಣ್ಣು ಒತ್ತಿದರು. ಅಕ್ಕ ಬೋರ್‌ವೆಲ್ಲಿನಿಂದ ಒಂದು ಬಿಂದಿಗೆ ನೀರು ತಂದರು.